ಸೀಟಿನ ಕೆಳಗಿನ ಬೋಲ್ಟು

ನನ್ನ ಬೈಕಿನ ಸರ್ವಿಸ್ ಪುಸ್ತಕದ ಎರಡನೇ ಹಾಳೆಯಲ್ಲಿ ನೀಲಿ ಪೆನ್ನಿನ ಒಂದು ಗೆರೆ ಇದೆ. ಮೇಲಿನ ಚೌಕದಲ್ಲಿ ಒಂದು ಟಿಕ್, ಅದರ ಬಾಲ ಹಿಡಿದು ಕಟ್ಟಕಡೆಯ ಚೌಕದವರೆಗೆ ಎಳೆದ ಗೆರೆ. ಎಡಕ್ಕೆ ಸಾಲಾಗಿ ಅಚ್ಚಾದ ಕೆಲಸಗಳು: ಚೈನಿನ ಸಡಿಲು, ಟೈರಿನ ಗಾಳಿ, ಬ್ರೇಕ್ ಆಯಿಲ್, ಕ್ಲಚ್ ಕೇಬಲ್ಲಿನ ಆಟ, ಹಿಂದಿನ ಆಕ್ಸೆಲ್ ನಟ್ಟು, ಬ್ಯಾಟರಿ ಟರ್ಮಿನಲ್. ಹೊಸ ಗಾಡಿಯನ್ನು ಗಿರಾಕಿಯ ಕೈಗೆ ಕೊಡುವ ಮುಂಚೆ ಶೋರೂಮಿನವರು ಒಂದೊಂದಾಗಿ ನೋಡಿ, ಒಂದೊಂದಕ್ಕೂ ಗುರುತು ಹಾಕಬೇಕಾದ ಪಟ್ಟಿ ಅದು. ಎಲ್ಲರೂ ಪಿಡಿಐ (ಪ್ರೀ-ಡೆಲಿವರಿ ಇನ್‌ಸ್ಪೆಕ್ಷನ್) ಅನ್ನುತ್ತಾರೆ. ಅಷ್ಟೂ ಕೆಲಸವನ್ನು ಯಾರೋ ಒಂದೇ ಗೆರೆಯಲ್ಲಿ ಮುಗಿಸಿದ್ದಾರೆ. ಅದರ ಕೆಳಗೆ ನನ್ನದೂ ಸಹಿ ಇದೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಶಿನ್ ಶಾಪಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಅಳತೆ ಹಿಡಿಯುವುದು, ಟಿಕ್ ಹಾಕುವುದು, ಸರಿಯಿಲ್ಲದ್ದನ್ನು ಕೆಂಪು ಡಬ್ಬಿಗೆ ಹಾಕುವುದು, ದಿನವಿಡೀ ಇದೇ. ಹಾಗಾಗಿ ಒಂದು ಟಿಕ್ ನೋಡಿದರೆ ಅದು ಗಾಡಿಯ ಪಕ್ಕ ಕೂತು ಹಾಕಿದ್ದೋ, ಊಟದ ಹೊತ್ತಿಗೆ ಟೇಬಲ್ಲಿನ ಮೇಲೆ ಹಾಕಿದ್ದೋ ನನಗೆ ಗೊತ್ತಾಗುತ್ತದೆ. ಗಾಡಿ ತಂದ ದಿನ ಮಾತ್ರ ಆ ಹಾಳೆಯನ್ನು ನಾನು ನೋಡಲೇ ಇಲ್ಲ. ಹಾರ ಹಾಕಿದ್ದರು, ಪೇಡೆ ಕೊಟ್ಟರು, ಫೋಟೋ ತೆಗೆದರು. ಸಹಿ ಎಲ್ಲೆಲ್ಲಿ ಅಂತ ಬೆರಳಿಟ್ಟು ತೋರಿಸಿದರು, ಮಾಡಿದೆ.

ಈಗ ಯಾರಾದರೂ ‘ದೂರ ಓಡಾಡಲಿಕ್ಕೆ ಯಾವ ಗಾಡಿ ತಗೊಳ್ಳಲಿ’ ಎಂದು ಕೇಳಿದರೆ ನಾನು ಮೊದಲು ಕೇಳುವುದು ‘ಯಾವ ಶೋರೂಮಿನಲ್ಲಿ?’ ಎಂದು. ಅವರಿಗೆ ವಿಚಿತ್ರ ಅನಿಸುತ್ತದೆ. 2016ರಲ್ಲಿ ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಬಂದ ಮೇಲೆ ನಮ್ಮ ಕಡೆಯ ಹುಡುಗರಲ್ಲಿ ಟೂರಿಂಗ್ ಗಾಡಿಯ, ಅಂದರೆ ದೂರದ ಓಡಾಟದ ಗಾಡಿಯ ಆಸೆ ಜೋರಾಯಿತು. ಈಗ ಎರಡೂವರೆ ಲಕ್ಷದ ಆಸುಪಾಸಿನಲ್ಲೇ ನಾಲ್ಕಾರು ಕಂಪನಿಯ ಗಾಡಿಗಳಿವೆ, ಯಾವುದೂ ತೆಗೆದುಹಾಕುವಂಥದ್ದಲ್ಲ. ಸಿಸಿ, ಟಾರ್ಕು, ಟ್ಯಾಂಕಿನಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದರ ಮೇಲೆ ತಿಂಗಳುಗಟ್ಟಲೆ ವಾದ ಮಾಡುವ ಗೆಳೆಯರು, ಅದನ್ನು ಕೊಡುವ ಕೈ ಯಾರದು ಎಂಬುದನ್ನು ಒಂದು ಮಧ್ಯಾಹ್ನದಲ್ಲಿ ತೀರ್ಮಾನ ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಎಂಟು ಸಾವಿರ ಕಡಿಮೆ ಅಂದರು ಎಂದು ಬೇರೆ ಊರಿನ ಶೋರೂಮಿಗೆ ಹೋಗಿ ತಂದಿದ್ದೆ.

ಚೋರ್ಲಾ ಘಾಟಿನ ತಿರುವು

2022ರ ಮಳೆಗಾಲ. ಗಾಡಿಗೆ ಮೂರು ವಾರ, ಮೀಟರಿನಲ್ಲಿ ನಾಲ್ಕು ನೂರೂ ಆಗಿರಲಿಲ್ಲ, ಮೊದಲ ಸರ್ವಿಸ್ ಬಾಕಿ ಇತ್ತು. ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಜಾಂಬೋಟಿ ದಾರಿ ಹಿಡಿದೆ. ಮಳೆ ಬಿದ್ದ ಮೇಲೆ ಆ ರಸ್ತೆ ಹೇಗಿರುತ್ತದೆ ಎಂದು ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಜಾಗ ನೋಡಿ, ಚಹಾ ಕುಡಿದು, ಘಾಟಿನ ತನಕ ಹೋಗಿ ಬರೋಣ ಎಂದು ಮುಂದೆ ಹೊರಟೆವು. ಮಂಜು ದಟ್ಟವಾಗಿ ಇಳಿದಿತ್ತು. ಒಂದು ಇಳಿಜಾರಿನ ತಿರುವಿನಲ್ಲಿ ಮುಂದಿನ ಗಾಲಿ ಹೊಂಡಕ್ಕೆ ಬಿತ್ತು. ಬಿದ್ದ ಕ್ಷಣಕ್ಕೆ ಇಂಜಿನ್ ನಿಂತಿತು. ಹೆಡ್‌ಲೈಟು ಆರಿತು, ಮೀಟರ್ ಕಪ್ಪಾಯಿತು, ಹಿಂದಿನ ದೀಪವೂ ಹೋಯಿತು. ನಮ್ಮ ಹಿಂದೆ ಗೋವಾಕ್ಕೆ ಹೋಗುವ ಒಂದು ಟ್ಯಾಂಕರ್ ಇತ್ತು. ಅದರ ಚಾಲಕನಿಗೆ ಆ ಮಂಜಿನಲ್ಲಿ ನಾವು ಕಂಡೆವೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಗಾಡಿಯನ್ನು ಎಡಕ್ಕೆ ಉರುಳಿಸಿ ಕಲ್ಲಿನ ಕಟ್ಟೆಗೆ ಒರಗಿಸಿದೆ. ಟ್ಯಾಂಕರ್ ಪಕ್ಕದಲ್ಲೇ ದಾಟಿ ಹೋಯಿತು. ಅದು ಹಾರಿಸಿದ ನೀರು ಇಬ್ಬರ ಮೈಮೇಲೂ ಬಿತ್ತು. ಹೆಂಡತಿ ಏನೂ ಮಾತಾಡಲಿಲ್ಲ. ನನ್ನ ಜಾಕೆಟ್ಟಿನ ತೋಳು ಹಿಡಿದ ಕೈ ಮಾತ್ರ ಬಹಳ ಹೊತ್ತು ಬಿಡಲಿಲ್ಲ.

ಕೀಲಿ ತಿರುಗಿಸಿದರೆ ಏನೂ ಇಲ್ಲ. ಒಮ್ಮೆ ಮಿಣುಕ್ ಎಂದು ಮೀಟರ್ ಬಂತು, ಗಡಿಯಾರ 12:00 ತೋರಿಸಿತು, ಮತ್ತೆ ಹೋಯಿತು. ಫೋನಿಗೆ ನೆಟ್‌ವರ್ಕ್ ಇಲ್ಲ. ಅರ್ಧ ತಾಸಿನ ಮೇಲೆ ತರಕಾರಿ ಇಳಿಸಿ ವಾಪಸ್ ಬರುತ್ತಿದ್ದ ಒಂದು ಟೆಂಪೋ ನಿಂತಿತು. ಇಳಿದವನು ನನ್ನ ವಯಸ್ಸಿನವನೇ. ‘ಕಾಯ್ ಝಾಲಂ ದಾದಾ?’ ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳಿದ. ನಮ್ಮಿಬ್ಬರ ಮಾತು ಕೇಳಿ ತಾನೇ ಕನ್ನಡಕ್ಕೆ ಬಂದ. ‘ಸೀಟ ತಗೀರಿ, ಮೊದಲ ಕರೆಂಟ್ ನೋಡೂಣು.’ ಸೀಟು ತೆಗೆದೆವು. ಅವನು ಬ್ಯಾಟರಿಯ ಕೆಂಪು ರಬ್ಬರ್ ಸರಿಸಿ ಅದರ ಕೆಳಗಿನ ಬೋಲ್ಟಿಗೆ ಬೆರಳು ಹಚ್ಚಿದ. ಪಾನಾ (ಸ್ಪ್ಯಾನರ್) ಇಲ್ಲದೆ, ಬರೀ ಎರಡು ಬೆರಳಿಗೆ ಅದು ತಿರುಗಿತು. ಟೆಂಪೋದಿಂದ ಹತ್ತರ ಪಾನಾ ತಂದು ಅದನ್ನೂ ಕಪ್ಪು ಕಡೆಯದನ್ನೂ ಬಿಗಿ ಮಾಡಿದ. ಸೆಲ್ಫ್ ಒತ್ತಿದೆ, ಮೊದಲ ಸಲಕ್ಕೇ ಚಾಲೂ ಆಯಿತು. ದುಡ್ಡು ಕೊಡಲು ಹೋದರೆ ಕೈ ಒರೆಸಿಕೊಳ್ಳುತ್ತ ಬೇಡ ಅಂದ. ‘ಗಾಡಿ ಹೊಸಾದೈತಿ. ಇದನ್ನ ಬಿಗಿ ಮಾಡಿದಂವ ಯಾರ?’ ಎಂದು ಕೇಳಿದ. ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿದುಕೊಳ್ಳಬೇಕು ಎಂದೇ ಕೇಳಿದ ಹಾಗಿತ್ತು.

ಮನೆಗೆ ಬಂದು ಒದ್ದೆ ಬಟ್ಟೆಯಲ್ಲೇ ಸರ್ವಿಸ್ ಪುಸ್ತಕ ತೆಗೆದೆ. ಹೊಸ ಗಾಡಿಯ ಬ್ಯಾಟರಿಯನ್ನು ಚಾರ್ಜ್ ಮಾಡಿ, ಟರ್ಮಿನಲ್ ಕೂಡಿಸಿ ಬಿಗಿ ಮಾಡುವುದು ಶೋರೂಮಿನಲ್ಲಿ ಆಗುವ ಕೆಲಸ. ಆ ಸಾಲು ಪಟ್ಟಿಯಲ್ಲಿತ್ತು. ನೀಲಿ ಗೆರೆ ಅದರ ಚೌಕದ ನಟ್ಟನಡುವೆ ಹಾದುಹೋಗಿತ್ತು.

‘ಸಣ್ಣ ವಿಷಯ ಸರ್’

ಬೋಲ್ಟು ಸಡಿಲ ಬಿಟ್ಟಿದ್ದು ನನಗೆ ಇವತ್ತು ಅಷ್ಟು ನೋವು ಕೊಡುವುದಿಲ್ಲ. ಮನುಷ್ಯ ಮರೆಯುತ್ತಾನೆ. ನಮ್ಮ ಶಾಪಿನಲ್ಲೂ ತಪ್ಪಾಗುತ್ತದೆ, ನನ್ನ ಕೈಯಿಂದಲೂ ಆಗಿದೆ. ನೋವು ಉಳಿದದ್ದು ಆ ಶೋರೂಮಿಗೆ ಹೋಗಿ ಹೇಳಿದಾಗ ಬಂದ ಉತ್ತರದ್ದು. ಗಾಡಿ ಕೊಳ್ಳುವ ಮುಂಚೆ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ ಸೇಲ್ಸ್ ಹುಡುಗ ಫೋನ್ ಎತ್ತಲಿಲ್ಲ. ಸರ್ವಿಸ್ ನೋಡಿಕೊಳ್ಳುವವರು ನನ್ನ ಮಾತು ಪೂರ್ತಿ ಕೇಳಿ, ‘ಸಣ್ಣ ವಿಷಯ ಸರ್, ವೈಬ್ರೇಶನ್ನಿಗೆ ಸಡಲ ಆಗಿರ್ತದ. ಟೈಟ್ ಮಾಡಿ ಕೊಡತೀವಿ, ವಾಷಿಂಗ್ ಫ್ರೀ’ ಅಂದರು.

ನಾನು ಅವರಿಗೆ ಒಂದೇ ಪ್ರಶ್ನೆ ಕೇಳಿದೆ. ‘ನನ್ನ ಗಾಡಿ ಬಿಟ್ಟ ದಿನ ಅದೇ ಹುಡುಗ ಇನ್ನೆಷ್ಟು ಗಾಡಿ ಬಿಟ್ಟಾನ? ಅವರಿಗೆಲ್ಲಾ ಫೋನ್ ಮಾಡಿ ಕರಸ್ತೀರಿ ಹೌದಿಲ್ಲೋ?’ ಅವರು ನನ್ನ ಮುಖ ನೋಡಿದರು. ಪ್ರಶ್ನೆಯೇ ಅವರಿಗೆ ತಿಳಿಯಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿಂದ ಹೋದ ಒಂದು ಪೀಸು ಗಿರಾಕಿ ಕಡೆಯಿಂದ ರಿಜೆಕ್ಟ್ ಆಗಿ ಬಂತು ಅನ್ನಿ. ಆ ಪೀಸಿನ ಜಾಗಕ್ಕೆ ಒಳ್ಳೆಯದನ್ನು ಕಳಿಸಿದರೆ ಕೆಲಸ ಮುಗಿಯುವುದಿಲ್ಲ. ಅದೇ ಪಾಳಿಯಲ್ಲಿ, ಅದೇ ಮಶಿನ್ನಿನಲ್ಲಿ ಆದ ಉಳಿದ ಮಾಲು ಎಲ್ಲಿದೆ ಎಂದು ಹುಡುಕಬೇಕು. ಲಾರಿ ಹತ್ತಿದ್ದರೆ ಇಳಿಸಬೇಕು, ಗಿರಾಕಿಯ ಗೋದಾಮಿನಲ್ಲಿದ್ದರೆ ನಮ್ಮ ಹುಡುಗರನ್ನೇ ಕಳಿಸಿ ಒಂದೊಂದನ್ನೂ ತಪಾಸಣೆ ಮಾಡಿಸಬೇಕು. ಒಂದು ತಪ್ಪು ಕಣ್ಣಿಗೆ ಬಿತ್ತು ಎಂದರೆ ಕಣ್ಣಿಗೆ ಬೀಳದ ನಾಲ್ಕು ಇವೆ ಎಂದೇ ಹಿಡಿದು ನಡೆಯಬೇಕು. ಇದು ಉದ್ಯಮಬಾಗದಲ್ಲಿ ಹೊಸದಾಗಿ ಸೇರಿದ ಐಟಿಐ ಹುಡುಗನಿಗೂ ಮೊದಲ ತಿಂಗಳಲ್ಲೇ ಕಲಿಸುವ ಪಾಠ. ನನಗೆ ‘ಟೈಟ್ ಮಾಡಿ ಕೊಡತೀವಿ’ ಅಂದವರು ನನ್ನ ಬಾಯಿ ಮುಚ್ಚಿಸಲು ಹೊರಟಿದ್ದರೇ ಹೊರತು ಉಳಿದವರ ಬಗ್ಗೆ ಅವರಿಗೆ ಚಿಂತೆಯೇ ಇರಲಿಲ್ಲ. ಆ ಉಳಿದವರಲ್ಲಿ ಯಾರು ಯಾವ ಘಾಟಿನಲ್ಲಿ, ಯಾವ ಟ್ಯಾಂಕರಿನ ಮುಂದೆ ನಿಂತರೋ. ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ವಾರಂಟಿ ಕಂಪನಿಯದು, ದೇಶದ ಯಾವ ಅಧಿಕೃತ ಸರ್ವಿಸ್ ಸೆಂಟರಿಗೆ ಹೋದರೂ ನಡೆಯುತ್ತದೆ, ಹಾಗಿರುವಾಗ ಎಲ್ಲಿ ಕಡಿಮೆಯೋ ಅಲ್ಲಿ ಕೊಂಡರೇನು ಎಂಬ ವಾದ ನನಗೂ ಗೊತ್ತು. ಅದೇ ವಾದ ಹಿಡಿದೇ ನಾನು ಎಂಟು ಸಾವಿರದ ಬೆನ್ನು ಹತ್ತಿ ಹೋದದ್ದು. ಸರ್ವಿಸನ್ನು ಎಲ್ಲಾದರೂ ಮಾಡಿಸಬಹುದು, ನಿಜ. ಕಾರ್ಖಾನೆಯಿಂದ ಬಂದ ಗಾಡಿಯನ್ನು ಮೊದಲ ಸಲ ಓಡುವಂತೆ ಸಿದ್ಧ ಮಾಡುವ ಕೆಲಸ ಮಾತ್ರ ಮಾರಿದವನದೇ. ಕಾಗದಪತ್ರವೂ ಅವನದೇ. ಊರಿನೊಳಗೆ ಓಡಾಡುವ ಸ್ಕೂಟರಿಗೆ ಈ ಮೊದಲ ಕೈಯ ತಪ್ಪು ಮನೆ ಮುಂದೆ, ಗ್ಯಾರೇಜಿನ ಹತ್ತಿರ ಬಯಲಾಗುತ್ತದೆ. ಟೂರಿಂಗ್ ಗಾಡಿಗೆ ಅದು ಮಂಜಿನಲ್ಲಿ, ನೆಟ್‌ವರ್ಕ್ ಇಲ್ಲದ ಕಡೆ ಬಯಲಾಗುತ್ತದೆ.

ಕಟ್ಟಿದ ಜಾಗ

ನಮ್ಮ ಮೂಲ ಊರು ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಕಡೆ. ಅಪ್ಪ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಹೋಗುತ್ತಿದ್ದ, ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಖಿಲಾರಿ ಎತ್ತಿನ ಜೋಡಿ ಒಂದು ಮನಸ್ಸಿಗೆ ಬಂತು. ಹಲ್ಲು ನೋಡಿದ, ಸುಳಿ ನೋಡಿದ, ನಡೆಸಿ ನೋಡಿದ. ದಲ್ಲಾಳಿಯ ಟವೆಲ್ಲಿನ ಕೆಳಗೆ ಬೆರಳಿನ ಮಾತು ಮುಗಿದು ದರವೂ ಕುದುರಿತು. ಸಂಚಕಾರದ ಮುಂಗಡ ಕೊಟ್ಟ ಮೇಲೆ ಅಪ್ಪ, ‘ನಾಳಿಗಿ ನಿಮ್ಮೂರಿಗಿ ಬರ್ತೀನಿ. ಎತ್ತು ಕಟ್ಟಿದ ಜಾಗಾ ನೋಡಿ ಉಳಿದ ರೊಕ್ಕಾ ಕೊಡತೀನಿ’ ಅಂದ. ಮಾರುವವನಿಗೆ ಬೇಸರವಾಗಲಿಲ್ಲ, ಬರ್ರಿ ಅಂದ. ಮರುದಿನ ಅವನ ಮನೆಯಲ್ಲಿ ಅಪ್ಪ ನೋಡಿದ್ದು ಗ್ವಾದಲಿ, ಎತ್ತಿಗೆ ಮೇವು ಹಾಕುವ ಜಾಗ. ಕಣಕಿಯ ಕೊನೆ ಎಳೆ ಬಿದ್ದಿದೆಯೋ, ಹಳೆಯ ಕಸ ಕೊಳೆಯುತ್ತಿದೆಯೋ, ಗೂಟದ ಸುತ್ತ ನೆಲ ಒಣಗಿದೆಯೋ. ಅಲ್ಲಿ ಮಾರಾಟಕ್ಕಿಲ್ಲದ ಒಂದು ಮುದಿ ಎತ್ತೂ ಕಟ್ಟಿತ್ತು. ಅಪ್ಪ ಹೆಚ್ಚು ಹೊತ್ತು ನಿಂತದ್ದು ಅದರ ಹತ್ತಿರ.

ಶೋರೂಮಿಗೂ ಅಂಥ ಒಂದು ಹಿತ್ತಲಿರುತ್ತದೆ. ಮುಂದೆ ಗಾಜು, ಎಸಿ, ಸೋಫಾ. ಹಿಂದೆ ವಾಷಿಂಗ್ ರ‍್ಯಾಂಪು, ಲಿಫ್ಟು, ಆಯಿಲ್ ಕಲೆ. ಕೊಳ್ಳುವ ಮುಂಚೆ ಹಿಂದೆ ಹೋಗಿ ನಿಲ್ಲಬೇಕು, ಅದೂ ಶನಿವಾರ ಮಧ್ಯಾಹ್ನ, ಭಾನುವಾರ ಗಾಡಿ ಬೇಕು ಎಂದು ಜನ ಮುಗಿಬಿದ್ದಿರುವ ಹೊತ್ತಿಗೆ. ‘ಕಸ್ಟಮರ್ ಒಳಗ ಬರಂಗಿಲ್ಲ’ ಎಂದು ಬೋರ್ಡು ಹಾಕಿರುತ್ತಾರೆ. ಸುರಕ್ಷತೆಗೆ ಅದು ಸರಿಯೇ. ಕೇಳಿಕೊಂಡರೆ ಒಬ್ಬರು ಜೊತೆಗೆ ಬಂದು ತೋರಿಸುತ್ತಾರೆ. ಕೇಳಿಕೊಂಡರೂ ತೋರಿಸದ ಕಡೆ ನಾನು ಮುಂದಿನ ಮಾತಿಗೆ ಕೂರುವುದಿಲ್ಲ.

ಅಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಮೂಲೆಯ ಗಾಡಿಗಳ ಕಡೆ. ಟ್ಯಾಂಕು ಬಿಚ್ಚಿಟ್ಟು, ಸೀಟಿನ ಮೇಲೆ ಧೂಳು ಕೂತ ಗಾಡಿಗಳು ಎಲ್ಲ ಕಡೆಯೂ ಒಂದೆರಡು ಇರುತ್ತವೆ. ಧೂಳಿನ ದಪ್ಪವೇ ಸ್ಪೇರ್ ಪಾರ್ಟಿಗೆ ಎಷ್ಟು ದಿನ ಕಾಯಬೇಕು ಎಂಬುದನ್ನು ಹೇಳುತ್ತದೆ. ‘ಇದು ಯಾವ ಪಾರ್ಟ್ ಇಲ್ಲದೆ ನಿಂತಿದೆ, ಯಾವಾಗಿನಿಂದ?’ ಎಂದು ಕೇಳಿದರೆ ಕೆಲಸ ಗೊತ್ತಿದ್ದವರು ತಟ್ಟನೆ ಹೇಳುತ್ತಾರೆ. ದೂರ ಓಡಾಡುವವನಿಗೆ ಬೇಕಾಗುವ ಪಾರ್ಟುಗಳು ದೊಡ್ಡವೇನಲ್ಲ: ಬಿದ್ದಾಗ ಮುರಿಯುವ ಕ್ಲಚ್ ಲಿವರು, ಗೇರ್ ಪೆಡಲು, ಕೇಬಲ್ಲು, ಬ್ರೇಕ್ ಪ್ಯಾಡು, ಆಯಿಲ್ ಫಿಲ್ಟರು. ಇವು ಈಗ, ಈ ಹೊತ್ತು ಕೌಂಟರಿನಲ್ಲಿ ಇವೆಯೇ? ಕೆಲವು ಕಂಪನಿಯ ಗಾಡಿಗೆ ನಮ್ಮ ಭಾಗದಲ್ಲಿ ಪಕ್ಕದ ಜಿಲ್ಲೆಗೇ ಹೋಗಬೇಕು, ಅಂಥ ಗಾಡಿ ಕೊಳ್ಳುವವರು ಇದನ್ನು ಇನ್ನೂ ಒತ್ತಿ ಕೇಳಬೇಕು.

ಆಮೇಲೆ ಟಾರ್ಕ್ ರೆಂಚು. ಆಕ್ಸೆಲ್ ನಟ್ಟು, ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರಿನ ಬೋಲ್ಟು ಇಂಥವಕ್ಕೆ ಎಷ್ಟು ಬಿಗಿ ಇರಬೇಕು ಎಂದು ಕಂಪನಿಯವರು ಅಳತೆ ಕೊಟ್ಟಿರುತ್ತಾರೆ, ಆ ಅಳತೆಗೆ ಬಿಗಿ ಮಾಡುವ ಪಾನಾ ಅದು. ಅದು ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಎಲ್ಲಿದೆ ಎಂದು ನೋಡಬೇಕು. ಪೆಟ್ಟಿಗೆಯಲ್ಲಿ ಫಳಫಳ ಹೊಳೆಯುತ್ತ ಮಲಗಿದ್ದರೆ ಅದನ್ನು ಬಳಸುವುದಿಲ್ಲ ಎಂದು ಅರ್ಥ. ಹಿಡಿಕೆ ಸವೆದು, ಗ್ರೀಸಿನ ಬೆರಳಚ್ಚು ಕೂತಿದ್ದರೆ ಕೆಲಸ ನಡೆಯುತ್ತಿದೆ. ಇನ್ನೂ ಒಳ್ಳೆಯ ಕಡೆ ಬಿಗಿ ಮಾಡಿದ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಪೇಂಟಿನ ಒಂದು ಗೆರೆ ಎಳೆದಿರುತ್ತಾರೆ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಆ ಗೆರೆ ತುಂಡಾಗಿ ಕಾಣುತ್ತದೆ. ಎರಡು ಸೆಕೆಂಡಿನ ಕೆಲಸ. ಅದನ್ನು ಹಾಕುವವನು ತಾನು ಬಿಗಿ ಮಾಡಿದ್ದಕ್ಕೆ ಹೆಸರು ಬರೆದಂತೆ.

ಜಾಬ್ ಕಾರ್ಡ್ ಬರೆಯುವವರ ಪಕ್ಕ ಐದು ನಿಮಿಷ ನಿಂತರೂ ಬಹಳ ತಿಳಿಯುತ್ತದೆ. ಗಿರಾಕಿ ‘ಮೂರನೇ ಗೇರಿನ್ಯಾಗ ಅರವತ್ತರ ಹತ್ರ ಬಂದ್ರ ಗರಗರ ಅಂತದ’ ಅನ್ನುತ್ತಾನೆ. ಒಬ್ಬರು ಅದನ್ನು ಅದೇ ಮಾತಿನಲ್ಲಿ ಬರೆದುಕೊಳ್ಳುತ್ತಾರೆ, ‘ತಣ್ಣಗಿದ್ದಾಗೋ ಕಾದ ಮೇಲೋ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಇನ್ನೊಬ್ಬರು ‘ಜನರಲ್ ಚೆಕಪ್’ ಎಂದು ಬರೆದು ಮುಂದಿನವರನ್ನು ಕರೆಯುತ್ತಾರೆ.

ಫಾಗ್ ಲ್ಯಾಂಪು, ಚಾರ್ಜರು ಹಾಕಿಸುವವರಿಗೆ ಒಂದು ಮಾತು. ಕರೆಂಟ್ ಎಲ್ಲಿಂದ ತೆಗೀತೀರಿ ಎಂದು ಕೇಳಿ. ಬ್ಯಾಟರಿಯಿಂದ ಫ್ಯೂಸು, ರಿಲೇ ಹಾಕಿ ಬೇರೆ ಲೈನು ತರುವವರಿದ್ದಾರೆ. ಹೆಡ್‌ಲೈಟಿನ ವೈರು ಕೊಯ್ದು, ತಿರುವಿ, ಟೇಪು ಸುತ್ತುವವರೂ ಇದ್ದಾರೆ. ಹೀಗೆ ಕೊಯ್ದ ಗಾಡಿಯ ವೈರಿಂಗಿಗೆ ಮುಂದೆ ವಾರಂಟಿ ಕೇಳಿದರೆ ಆ ಕೊಯ್ದ ಜಾಗವನ್ನೇ ತೋರಿಸಿ ಇಲ್ಲ ಅನ್ನುತ್ತಾರೆ, ಕೊಯ್ದವರು ತಾವೇ ಆಗಿದ್ದರೂ.

ಸೊಲ್ಲಾಪುರದ ವಿಳಾಸ

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಅಕ್ಕನ ಮಗ ವಿಜಯಪುರದಿಂದ ಫೋನ್ ಮಾಡಿದ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದು, ಎರಡು ಲಕ್ಷದ ಗಾಡಿಗೆ ಹದಿನೈದು ಸಾವಿರದ ಮೇಲೆ ಕಡಿಮೆಯಾಗಿತ್ತು. ಅದರ ಮೇಲಿನ ಸಿಸಿಗೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಅವನು 450ರ ಆಸೆ ಬಿಟ್ಟು 350ಕ್ಕೆ ಬಂದಿದ್ದ. ‘ಮಾಮಾ, ಸೊಲ್ಲಾಪುರದಾಗ ತಗೊಂಡ್ರ ಇನ್ನೂ ಹದಿನೈದ ಸಾವಿರ ಉಳಿತಾವಂತ. ಟ್ಯಾಕ್ಸ್ ಕಡಿಮಿ. ವಿಳಾಸದ ಕಾಗದಾ ಅವರ ಮಾಡಸ್ತಾರಂತ.’

ಗಡಿಯ ಜಿಲ್ಲೆಗಳವರಿಗೆ ಇದು ಹೊಸದಲ್ಲ. ನಮ್ಮಲ್ಲಿ ಒಂದು ಲಕ್ಷದ ಮೇಲಿನ ಗಾಡಿಗೆ ಆಜೀವ ತೆರಿಗೆ 18 ಪ್ರತಿಶತ, ಮೇಲೆ ಸೆಸ್. ಮಹಾರಾಷ್ಟ್ರದಲ್ಲಿ ಅದಕ್ಕಿಂತ ಕಡಿಮೆ. ಬೆಳಗಾವಿಯವರಿಗೆ ಕೊಲ್ಹಾಪುರ, ವಿಜಯಪುರದವರಿಗೆ ಸೊಲ್ಲಾಪುರ. ಆದರೆ ಮೋಟಾರು ವಾಹನ ಕಾಯ್ದೆಯ 40ನೇ ಕಲಮು, ಗಾಡಿ ಸಾಮಾನ್ಯವಾಗಿ ಇರುವ ನಿಮ್ಮ ಮನೆಯೋ ವ್ಯವಹಾರದ ಜಾಗವೋ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದಲ್ಲೇ ನೋಂದಣಿ ಆಗಬೇಕು ಅನ್ನುತ್ತದೆ. ಅವನಿಗೆ ಕಾನೂನು ಹೇಳಿದರೆ ಕೇಳುವ ವಯಸ್ಸಲ್ಲ. ಹಾಗಾಗಿ ಬೇರೆ ಮಾತು ಹೇಳಿದೆ. ‘ನೀ ಅಲ್ಲಿ ಇರಂಗಿಲ್ಲ ಅಂತ ಅವರಿಗೆ ಗೊತ್ತದ. ಆದ್ರೂ ಇದ್ದೀ ಅಂತ ಕಾಗದಾ ಹುಟ್ಟಸ್ತಾರ. ಅದೇ ಕೈ ನಾಳಿಗಿ ನಿನ್ನ ಗಾಡಿ ನೋಡದನ ನೋಡೀವಿ ಅಂತ ಕಾಗದಾ ಹುಟ್ಟಸೂದಿಲ್ಲೇನು?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲೇ ನೋಡೂಣು ಬಿಡು ಮಾಮಾ’ ಅಂದ.

ನಾನು ಒಂದು ಶನಿವಾರ ರಜೆ ಹಾಕಿ ಹೋದೆ. ವಿಜಯಪುರದಲ್ಲಿ ಒಂದು, ಬಾಗಲಕೋಟೆಯ ನವನಗರದಲ್ಲಿ ಒಂದು ನೋಡಿದೆವು. ಬರವಣಿಗೆಯಲ್ಲಿ ದರಪಟ್ಟಿ ಕೊಡಿ ಅಂದಾಗಲೇ ವ್ಯತ್ಯಾಸ ಕಂಡಿತು. ಒಂದು ಕಡೆ ಎಕ್ಸ್-ಶೋರೂಮ್, ತೆರಿಗೆ, ವಿಮೆ ಬೇರೆ ಬೇರೆ ಬರೆದುಕೊಟ್ಟರು. ಇನ್ನೊಂದು ಕಡೆ ‘ಆನ್‌ರೋಡ್’ ಎಂದು ಒಂದೇ ಅಂಕಿ. ಬಿಡಿಸಿ ಹೇಳಿ ಅಂದರೆ ಅದರೊಳಗೆ ‘ಹ್ಯಾಂಡ್ಲಿಂಗ್’ ಎಂಬ ಸಾಲೊಂದು ಹೊರಬಿತ್ತು. ವಿಮೆ ನಾವೇ ತರುತ್ತೇವೆ ಅಂದಾಗ ಮೊದಲಿನವರು ತನ್ನಿ ಎಂದರು. ಎರಡನೆಯವರು ಹಾಗಾದರೆ ಗಾಡಿ ಸಿಗುವುದು ತಡ ಎಂದರು. ಯಾವ ಕಂಪನಿಯ ವಿಮೆ ಎಂಬುದು ಕೊಳ್ಳುವವನ ಇಷ್ಟ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಗಾಡಿಯ ಹಾನಿಗೆ ಒಂದೇ ವರ್ಷದ್ದು ಸಾಕು.

ಸಾಲದ ವಿಷಯಕ್ಕೆ ಬಂದರೆ ಇಬ್ಬರೂ ‘ಒಂಬತ್ತು ಪರ್ಸೆಂಟ್’ ಅಂದರು. ಫ್ಲ್ಯಾಟೋ ಎಂದು ಕೇಳಿದ ಮೇಲೆ ಹೌದು ಅಂದರು. ಮೂರು ವರ್ಷಕ್ಕೆ ಒಂಬತ್ತು ಫ್ಲ್ಯಾಟ್ ಎಂದರೆ ಬ್ಯಾಂಕಿನ ಲೆಕ್ಕದಲ್ಲಿ ಹದಿನಾರರ ಮೇಲೆ ಬೀಳುತ್ತದೆ. ಫ್ಲ್ಯಾಟ್ ಅಂದರೆ ತೀರಿಸಿದ ಅಸಲಿನ ಮೇಲೂ ಬಡ್ಡಿ ಕಟ್ಟುತ್ತಲೇ ಹೋಗಬೇಕು. ಅಳಿಯ ತನ್ನ ಬ್ಯಾಂಕಿನಲ್ಲೇ ಸಾಲ ತೆಗೆದ.

ಪೂರ್ತಿ ರೊಕ್ಕ ಕಟ್ಟುವ ಮುಂಚೆ ಚಾಸಿ ನಂಬರ್ ಕೇಳಿದೆವು. ಹದಿನೇಳು ಅಕ್ಷರ-ಅಂಕಿಗಳ ಸಾಲಿನಲ್ಲಿ ಬಹಳಷ್ಟು ಕಂಪನಿಗಳವರು ಹತ್ತನೆಯದಕ್ಕೆ ತಯಾರಾದ ವರ್ಷ ಇಟ್ಟಿರುತ್ತಾರೆ. ಆರ್ ಅಂದರೆ 2024, ಎಸ್ ಅಂದರೆ 2025. ಟೈರಿನ ಗೋಡೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2325 ಎಂದರೆ 2025ರ ಇಪ್ಪತ್ಮೂರನೇ ವಾರ. ವಿಜಯಪುರದವರು ನಾವು ಕೇಳುವ ಮುಂಚೆಯೇ ಗಾಡಿಯ ಪಕ್ಕ ಕೂತು ಎರಡನ್ನೂ ತೋರಿಸಿದರು. ಅವರ ಹಿತ್ತಲಿನಲ್ಲಿ ಕ್ಯಾಲಿಪರ್ ಬೋಲ್ಟುಗಳ ಮೇಲೆ ಹಳದಿ ಗೆರೆ ಇತ್ತು. ಅಲ್ಲೇ ಬುಕ್ ಮಾಡಿದೆವು.

ಖಂಡೇನವಮಿ

ಗಾಡಿ ಕೊಡುವ ದಿನ ಖಂಡೇನವಮಿ, ಅಂದರೆ ಆಯುಧ ಪೂಜೆ, ಅಕ್ಟೋಬರ್ 1. ತೆರಿಗೆ ಇಳಿದ ಮೇಲಿನ ಮೊದಲ ಹಬ್ಬ, ಶೋರೂಮಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಊರಿಂದ ಟೆಂಗಿನಕಾಯಿ, ಲಿಂಬಿಹಣ್ಣು, ಚೆಂಡುಹೂವಿನ ಮಾಲೆ ಚೀಲದಲ್ಲಿ ಹಿಡಿದು ಬೆಳಿಗ್ಗೆಯೇ ಬಂದಿದ್ದಳು. ಹನ್ನೊಂದು ಗಂಟೆಗೆ ಹೆಸರು ಕರೆಯುತ್ತೇವೆ ಅಂದವರು ಹನ್ನೆರಡಾದರೂ ಕರೆಯಲಿಲ್ಲ. ಕೊನೆಗೆ ಒಳಗಿಂದ ವರ್ಕ್‌ಶಾಪಿನ ಸೂಪರ್‌ವೈಸರ್ ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಹಣೆಯ ಮೇಲೆ ವಿಭೂತಿ, ಉಗುರಿನ ಸಂದಿಯಲ್ಲಿ ಗ್ರೀಸು.

‘ನಿಮ್ಮ ಗಾಡಿ ಇವತ್ತ ಕೊಡಾಕ ಆಗಂಗಿಲ್ಲ ಸರ್’ ಅಂದರು. ‘ಒಳಗ ಬರ್ರಿ, ತೋರಿಸ್ತೀನಿ.’

ಒಳಗೆ ಹನ್ನೊಂದು ಗಾಡಿ ಸಾಲಾಗಿ ನಿಂತಿದ್ದವು. ಬೆಳಿಗ್ಗೆ ಒಂದು ಗಾಡಿ ತೊಳೆದು ಒರೆಸುವಾಗ ಮುಂದಿನ ಗಾಲಿಯ ಕುಲುಕು ತಡೆಯುವ ಫೋರ್ಕಿನ ಪೈಪಿನ ಮೇಲೆ ಎಣ್ಣೆಯ ತೆಳು ಉಂಗುರ ಕಂಡಿತ್ತಂತೆ. ಲಾರಿಯಲ್ಲಿ ತರುವಾಗ ಫೋರ್ಕು ಕುಗ್ಗುವಷ್ಟು ಬಿಗಿದು ಕಟ್ಟಿದರೆ ಒಳಗೆ ಎಣ್ಣೆ ಹಿಡಿದಿಡುವ ಸೀಲಿಗೆ ಪೆಟ್ಟಾಗುವುದುಂಟು. ‘ಒಂದಕ್ಕ ಆಗ್ಯದ ಅಂದ್ರ ಅದೇ ಲಾರಿಯೊಳಗ ಬಂದ ಉಳಿದದ್ದೂ ನೋಡಬೇಕಲ್ರಿ. ಹನ್ನೊಂದೂ ನೋಡಿದ್ವಿ. ಮೂರಕ್ಕ ಬಂತು. ನಿಮ್ಮದೂ ಒಂದ.’

ನಾನು ಅವರ ಮುಖ ನೋಡುತ್ತ ನಿಂತುಬಿಟ್ಟೆ. ಮೂರು ವರ್ಷದ ಹಿಂದೆ ಬೇರೊಂದು ಕಡೆ ನಾನು ಕೇಳಿ, ಯಾರಿಗೂ ಅರ್ಥವಾಗದೇ ಹೋದ ಪ್ರಶ್ನೆ ಅದು. ಇಲ್ಲಿ ಯಾರೂ ಕೇಳಿರಲಿಲ್ಲ.

ಅವರು ಅಳಿಯನ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಲಗಡೆಯ ಪೈಪನ್ನು ಬಿಳಿ ಅರಿವೆಯಿಂದ ಒರೆಸಿದರು. ಅರಿವೆ ತಿರುಗಿಸಿ ಶುಭ್ರವಾಗಿದೆ ಎಂದು ತೋರಿಸಿದರು. ಎದ್ದು ಮುಂದಿನ ಬ್ರೇಕು ಹಿಡಿದು ಹ್ಯಾಂಡಲ್ಲನ್ನು ಹತ್ತು ಹನ್ನೆರಡು ಸಲ ಒತ್ತಿ ಬಿಟ್ಟರು. ಮತ್ತೆ ಕೂತು ಬೆರಳಿಟ್ಟು ತೋರಿಸಿದರು. ಸೀಲು ಬಂದು ನಿಂತ ಜಾಗದಲ್ಲಿ ಕಾಡಿಗೆಯ ಗೆರೆಯಷ್ಟು ತೆಳ್ಳಗೆ ಎಣ್ಣೆ ಹೊಳೆಯುತ್ತಿತ್ತು. ‘ಈಗ ಇಷ್ಟ. ನಾಳಿಗಿ ಇಳದು ಡಿಸ್ಕಿನ ಮ್ಯಾಲ ಬಿತ್ತಂದ್ರ ಬ್ರೇಕ್ ಹಿಡಿಯಂಗಿಲ್ಲ.’

ಸೇಲ್ಸಿನ ಹುಡುಗನೊಬ್ಬ ಬಂದು ಮೆಲ್ಲಗೆ, ‘ಸರ್, ಹಬ್ಬದ ದಿನಾ ಅದ, ಕೊಟ್ಟ ಬಿಡೂಣು. ಮೊದಲನೇ ಸರ್ವಿಸಿನ್ಯಾಗ ಹಾಕಿದ್ರಾತು’ ಅಂದ. ಆ ದಿನ ಎಷ್ಟು ಗಾಡಿ ಬಿಟ್ಟರು ಎಂಬ ಲೆಕ್ಕ ಮಾಲೀಕರಿಗೆ ಕೊಡಬೇಕಾದವನು ಅವನು, ಅವನ ಕಷ್ಟವೂ ತಿಳಿಯುತ್ತಿತ್ತು. ಸೂಪರ್‌ವೈಸರ್ ಅವನ ಕಡೆ ತಿರುಗಲೂ ಇಲ್ಲ. ‘ನಾ ಸಹಿ ಮಾಡಂಗಿಲ್ಲ’ ಅಂದರು, ಅಷ್ಟೇ.

ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು. ಹಬ್ಬದ ದಿನ ಮನೆಗೆ ಬರಬೇಕಾದದ್ದು ಬರದೇ ಹೋದರೆ ಅಪಶಕುನ ಎಂಬ ಭಯ. ಅವರು ಅವಳ ಹತ್ತಿರ ಬಂದು, ‘ಅವ್ವಾರ, ಪೂಜಾ ಇವತ್ತ ಇಲ್ಲೇ ಮಾಡ್ರಿ. ಗಾಡಿ ನಿಮ್ಮದ ಅದ, ಎಲ್ಲಿ ಹೋಗತದ? ಇವತ್ತ ಪಾನಾ ಎಲ್ಲಾ ಪೂಜಾಕ್ಕ ಇಟ್ಟೀವಿ, ಬನ್ನಿ ಮುಡಿಯೋ ತನಕಾ ಎತ್ತಂಗಿಲ್ಲ. ನಾಡದ ಸೀಲ್ ಹಾಕಿ, ಶನಿವಾರ ಮುಂಜಾನೆ ಕೊಡತೀನಿ’ ಅಂದರು. ಗೋಡೆ ಬದಿಯ ಟೇಬಲ್ಲಿನ ಮೇಲೆ ಪಾನಾಗಳು ಅಳತೆಯ ಪ್ರಕಾರ ಸಾಲಾಗಿದ್ದವು, ಒಂದೊಂದಕ್ಕೂ ಕುಂಕುಮ. ನಡುವೆ ಹಿಡಿಕೆ ಸವೆದ ಟಾರ್ಕ್ ರೆಂಚು, ಅದರ ಮೇಲೂ ಒಂದು ಚೆಂಡುಹೂವು. ಅಕ್ಕ ಅಲ್ಲೇ, ಆಯಿಲ್ ವಾಸನೆಯ ನಡುವೆ, ಗಾಡಿಗೆ ಮಾಲೆ ಹಾಕಿ ಕಾಯಿ ಒಡೆದಳು. ಮೊದಲ ಹೋಳನ್ನು ಸೂಪರ್‌ವೈಸರಿಗೆ ಕೊಟ್ಟಳು. ಉಳಿದ ಎರಡು ಗಾಡಿಯವರಲ್ಲಿ ಒಬ್ಬರು ಜಗಳ ತೆಗೆದು ಮುಂಗಡ ವಾಪಸ್ ಕೇಳಿದರು. ಅವರಿಗೂ ಇವರು ಕೂತು ಒರೆಸಿ, ಒತ್ತಿ, ತೋರಿಸುತ್ತಲೇ ಇದ್ದರು.

ಶನಿವಾರ ನಾನು ಬೆಳಗಾವಿಯಲ್ಲಿದ್ದೆ. ಅಳಿಯ ಗಾಡಿ ತಗೊಂಡು, ಸರ್ವಿಸ್ ಪುಸ್ತಕದ ಎರಡನೇ ಹಾಳೆಯ ಫೋಟೋ ಕಳಿಸಿದ. ಒಂದೊಂದು ಚೌಕದಲ್ಲೂ ಬೇರೆ ಬೇರೆ ಟಿಕ್, ಕೆಲವು ದಪ್ಪ, ಕೆಲವು ವಕ್ರ. ಫೋರ್ಕಿನ ಸಾಲಿನಲ್ಲಿ ಟಿಕ್ ಇರಲಿಲ್ಲ. ಅಲ್ಲಿ ಒಂದು ಇಂಟು ಗುರುತು, ಪಕ್ಕದಲ್ಲಿ ಕನ್ನಡದಲ್ಲಿ ‘ಬಲ ಸೀಲ್ ಬದಲಿ 3-10-25’, ಅದರ ಮುಂದೆ ಸಹಿ.

ನವೆಂಬರಿನಲ್ಲಿ ಅವನು ಆ ಗಾಡಿಯ ಮೇಲೆ ಬೆಳಗಾವಿಗೆ ಬಂದ. ಇನ್ನೂರು ಕಿಲೋಮೀಟರಿನ ದಾರಿ, ಕೊಲ್ಹಾರದಲ್ಲಿ ನಿಂತು ಒಂದು ಗಡಿಗೆ ಮೊಸರು ತಗೊಂಡು, ರ‍್ಯಾಕಿಗೆ ಹಗ್ಗದಿಂದ ಕಟ್ಟಿಕೊಂಡು ತಂದಿದ್ದ. ಅವನು ಹೆಲ್ಮೆಟ್ ತೆಗೆಯುವಷ್ಟರಲ್ಲಿ ನಾನು ಗಾಡಿಯ ಮುಂದೆ ಕೂತಿದ್ದೆ. ಫೋರ್ಕಿನ ಪೈಪು ಒಣಗಿತ್ತು. ಕ್ಯಾಲಿಪರಿನ ಬೋಲ್ಟುಗಳ ಮೇಲೆ ಹಳದಿ ಗೆರೆ ಧೂಳಿನ ಕೆಳಗೆ ತುಂಡಾಗದೆ ಇತ್ತು. ಒಳಗಿಂದ ಹತ್ತರ ಪಾನಾ ತರಿಸಿ ಸೀಟು ತೆಗೆಸಿದೆ.

‘ಏನ್ ನೋಡ್ತೀ ಮಾಮಾ?’

ಕೆಂಪು ರಬ್ಬರ್ ಸರಿಸಿ, ಬೋಲ್ಟಿಗೆ ಮೊದಲು ಬೆರಳು ಹಚ್ಚಿದೆ, ಆಮೇಲೆ ಪಾನಾ. ಅಲುಗಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಸೀಟು ಕೂರಿಸಿದೆ. ಅವಳು ಬಂದು ಹಗ್ಗ ಬಿಚ್ಚಿ ಮೊಸರಿನ ಗಡಿಗೆ ಎತ್ತಿಕೊಂಡಳು.